ದವಾಖಾನೆಯಿಂದ ಶಾಸನಸಭೆಗೆ

(ಗ್ರಾಮ ಆರೋಗ್ಯ ಸಮಿತಿಗಳ ಸದಸ್ಯರು, ಆಶಾ ಕಾರ್ಯಕರ್ತೆಯರು ಮತ್ತು ಯುವಕ ಸಂಘಗಳವರು ಸೇರಿದ್ದ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಊರಿನ ವೈದ್ಯರು ರಾಜಕೀಯಕ್ಕೆ ಹೋಗುವುದು ಸರಿಯೇ, ಹೋದರೆ ಹಳ್ಳಿಗೆ ಅದರಿಂದ ಏನು ಪ್ರಯೋಜನ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಶಿಬಿರದ ವ್ಯವಸ್ಥಾಪಕರು ಅಪ್ಪಣೆ ಮಾಡಿದ್ದಾರೆ. ವಿಷಯ ಒಳ್ಳೆಯದು. ಏಕೆಂದರೆ ಇದು ಪುಸ್ತಕದ ಪ್ರಶ್ನೆಯಲ್ಲ, ನಮ್ಮ ಊರಿನ ಪ್ರಶ್ನೆ. ಯಾದಗಿರಿಯ ಜನ ಒಬ್ಬ ವೈದ್ಯರನ್ನು ಐದು ಸಲ ಶಾಸನಸಭೆಗೆ ಕಳುಹಿಸಿದವರು. ಅವರನ್ನು ಸೋಲಿಸಿದವರೂ ಇದೇ ಜನ. ಈ ಎರಡೂ ಕೆಲಸಗಳಲ್ಲಿ ನಾವು ಕಲಿಯಬೇಕಾದ ಪಾಠವಿದೆ.

ಮೊದಲು ನಮ್ಮ ನೆಲದ ಸ್ಥಿತಿಯನ್ನು ನೆನೆಯೋಣ. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ತಾಲೂಕುಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಗುಲಬರ್ಗಾ ಜಿಲ್ಲೆಯ ಜೊತೆಗೆ ಮೈಸೂರು ರಾಜ್ಯಕ್ಕೆ ಸೇರಿದವು. 2009ರ ಡಿಸೆಂಬರ್ ಕೊನೆಯಲ್ಲಿ ಇದೇ ಮೂರು ತಾಲೂಕುಗಳನ್ನು ಕೂಡಿಸಿ ಯಾದಗಿರಿ ಜಿಲ್ಲೆಯನ್ನು ಮಾಡಿದರು. ಗುರುಮಠಕಲ್, ವಡಗೇರಾ, ಹುಣಸಗಿ ತಾಲೂಕುಗಳು ಇವುಗಳೊಳಗಿಂದಲೇ ಆಮೇಲೆ ಬೇರೆಯಾದವು. ಒಂದು ಕಡೆ ಭೀಮೆ, ಒಂದು ಕಡೆ ಕೃಷ್ಣೆ. ನಾರಾಯಣಪುರದ ಬಸವಸಾಗರ ನಮ್ಮ ಸೀಮೆಯಲ್ಲೇ ಇದೆ. ನೀರಿಗೆ ಬಡತನವಿಲ್ಲ. ಆದರೆ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಮಾಡಿದಾಗ ನಮ್ಮ ಮೂರೂ ತಾಲೂಕುಗಳು ಅದರಲ್ಲಿದ್ದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 11,74,271. ಅಕ್ಷರ ಬಲ್ಲವರು ನೂರಕ್ಕೆ ಸುಮಾರು 52. ಇಡೀ ರಾಜ್ಯದಲ್ಲಿ ಇದೇ ಕಡಿಮೆ. 2018ರಲ್ಲಿ ಕೇಂದ್ರ ಸರ್ಕಾರ ವಿಶೇಷ ಗಮನ ಬೇಕಾದ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಎರಡೇ ಹೆಸರು ಬಂದವು: ರಾಯಚೂರು ಮತ್ತು ಯಾದಗಿರಿ. ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ.

ಇಂತಹ ಸೀಮೆಯಲ್ಲಿ ದವಾಖಾನೆ ತೆರೆದು ಕೂತ ವೈದ್ಯರ ಮುಂದೆ ಏನು ಬರುತ್ತದೆ? ತಾಯಿಯೊಬ್ಬಳು ವಾಂತಿಭೇದಿಯಾದ ಕೂಸನ್ನು ಎತ್ತಿಕೊಂಡು ಬರುತ್ತಾಳೆ. ವೈದ್ಯರು ಉಪ್ಪು ಸಕ್ಕರೆಯ ನೀರು ಕುಡಿಸುತ್ತಾರೆ, ಬೇಕಾದರೆ ಸಲೈನ್ ಹಾಕುತ್ತಾರೆ. ಕೂಸು ಕಣ್ಣು ಬಿಡುತ್ತದೆ. ತಾಯಿ ಕೈಮುಗಿದು ಹೋಗುತ್ತಾಳೆ. ಎಂಟು ದಿನದ ಮೇಲೆ ಅದೇ ಕೂಸು, ಅದೇ ಬೇನೆ. ಏಕೆ? ಮನೆಯಲ್ಲಿ ಕುಡಿಯುವುದು ಅದೇ ನೀರು. ರಕ್ತ ಕಡಿಮೆಯಾದ ಬಸುರಿಗೆ ಗುಳಿಗೆ ಬರೆದುಕೊಡಬಹುದು. ಆದರೆ ಆಕೆ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವವಳು, ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕಟ್ಟಡದ ಕೆಲಸಕ್ಕೆ ನಿಲ್ಲುವವಳು. ಗುಳಿಗೆ ಮುಗಿಯುತ್ತದೆ, ಗುಳೆ ಮುಗಿಯುವುದಿಲ್ಲ. ವೈದ್ಯರ ಚೀಟಿಯಲ್ಲಿ ಬರೆಯಲಾಗದ ಔಷಧಿಗಳು ಬಹಳ ಇವೆ: ಶುದ್ಧ ನೀರು, ಊರಿಗೆ ರಸ್ತೆ, ಹೆಣ್ಣುಮಕ್ಕಳಿಗೆ ಓದು, ಊರಲ್ಲೇ ಕೂಲಿ, ಖಾಲಿ ಬಿದ್ದ ಹುದ್ದೆಗೆ ದಾದಿ. ಇವನ್ನು ಬರೆಯುವ ಚೀಟಿ ಬೇರೆ, ಅದಕ್ಕೆ ಸಹಿ ಮಾಡುವ ಕಚೇರಿಯೂ ಬೇರೆ. ವಿಚಾರವಂತನಾದ ವೈದ್ಯನ ಕಣ್ಣು ಎಂದಾದರೊಂದು ದಿನ ಆ ಕಚೇರಿಯ ಕಡೆಗೆ ಹೊರಳುವುದು ಸಹಜ.

ಇದಕ್ಕೆ ನಮ್ಮ ಹಿರಿಯರು ಕಂಡ ಒಂದು ದೃಷ್ಟಾಂತ ಹೇಳುತ್ತೇನೆ. ಇಲ್ಲಿ ಅರವತ್ತು ದಾಟಿದವರಿಗೆ ನಾರುಹುಣ್ಣು ನೆನಪಿರಬೇಕು. ಉತ್ತರ ಕರ್ನಾಟಕದ ನಮ್ಮ ಜಿಲ್ಲೆಗಳನ್ನು ಅದು ಬಹುಕಾಲ ಕಾಡಿತು. ಮೆಟ್ಟಿಲು ಬಾವಿಯ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ನೀರುಹುಳು ಇರುತ್ತದೆ. ಅದರ ಹೊಟ್ಟೆಯಲ್ಲಿ ನಾರುಹುಳುವಿನ ಮರಿ. ನೀರು ಕುಡಿದವರ ಮೈಯಲ್ಲಿ ಆ ಮರಿ ಸುಮಾರು ಒಂದು ವರ್ಷ ಬೆಳೆದು, ಮೊಳಕ್ಕಿಂತ ಉದ್ದವಾಗಿ, ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ಹೊರಗೆ ತಲೆ ಹಾಕುತ್ತದೆ. ಉರಿ ತಾಳಲಾರದೆ ಮನುಷ್ಯ ಬಾವಿಗಿಳಿದು ಕಾಲು ನೆನೆಸುತ್ತಾನೆ. ಆಗ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಊರೆಲ್ಲ ಅದೇ ನೀರನ್ನು ತುಂಬಿಕೊಳ್ಳುತ್ತದೆ. ಬೇನೆ ಬರುತ್ತಿದ್ದುದು ಬಿತ್ತನೆಯ ಕಾಲಕ್ಕೋ ಸುಗ್ಗಿಯ ಕಾಲಕ್ಕೋ. ದುಡಿಯುವವನು ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ಆ ವರ್ಷದ ಹೊಲ ಬೀಳು.

ಇದಕ್ಕೆ ಔಷಧಿ ಇರಲಿಲ್ಲ. ಇಂದಿಗೂ ಇಲ್ಲ, ಲಸಿಕೆಯೂ ಇಲ್ಲ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುವುದೊಂದೇ ಉಪಾಯ. ಎಂತಹ ದೊಡ್ಡ ವೈದ್ಯನಾದರೂ ಇದಕ್ಕಿಂತ ಹೆಚ್ಚೇನೂ ಮಾಡಲಾರ. ಆದರೆ 1980ರ ದಶಕದ ಆರಂಭದಲ್ಲಿ ಭಾರತ ಸರ್ಕಾರ ಇದನ್ನು ಬೇರುಸಹಿತ ಕೀಳುವ ಕಾರ್ಯಕ್ರಮ ಹಿಡಿಯಿತು. ಮೆಟ್ಟಿಲು ಬಾವಿಗಳನ್ನು ಮುಚ್ಚಿದರು, ಇಲ್ಲವೇ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು. ಕೈಪಂಪು ಕೂಡಿಸಿದರು. ನೀರಿಗೆ ಔಷಧಿ ಹಾಕಿದರು. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುವುದನ್ನು ತಾಯಂದಿರಿಗೆ ಕಲಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ನಾರುಹುಣ್ಣು ಇಲ್ಲವೆಂದು ಸಾರಿತು. ಒಂದು ಗುಳಿಗೆಯಿಲ್ಲದೆ, ಒಂದು ಸೂಜಿಯಿಲ್ಲದೆ, ಬಾವಿಯನ್ನು ಸರಿಮಾಡಿ ಒಂದು ರೋಗವನ್ನು ಓಡಿಸಿದೆವು. ಬಾವಿಯನ್ನು ಸರಿಮಾಡುವುದು ಸರ್ಕಾರದ, ಪಂಚಾಯತಿಯ ಮತ್ತು ಊರಿನ ಕೆಲಸ. ಅದನ್ನೇ ನಾವು ರಾಜಕೀಯ ಎನ್ನುತ್ತೇವೆ.

ಅದೆಲ್ಲ ಹಳೆಯ ಕಾಲದ ಮಾತು ಎನ್ನಬೇಡಿ. ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಕಂಡುಬಂದ ಸುದ್ದಿ ನಿಮಗೆ ಗೊತ್ತಿದೆ. ಆರ್ಸೆನಿಕ್ ಮೈಯ ಚರ್ಮವನ್ನು ಗಂಟುಗಟ್ಟಿಸುತ್ತದೆ, ಬಹುಕಾಲ ಕುಡಿದರೆ ಕ್ಯಾನ್ಸರಿಗೂ ದಾರಿಯಾಗುತ್ತದೆ. ಕೈಯ ಮೇಲಿನ ಗುರುತು ನೋಡಿ ವೈದ್ಯನು ರೋಗವನ್ನು ಹೆಸರಿಸಬಲ್ಲ. ಕೊಳವೆ ಬಾವಿಯನ್ನು ಮುಚ್ಚಿಸಿ ಬೇರೆ ಕಡೆಯಿಂದ ನೀರು ತರಿಸಲು ಅವನ ಚೀಟಿ ಸಾಲದು. 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿಭೇದಿಗೆ ತುತ್ತಾದರು, ಸಾವುಗಳೂ ಆದವು. ಹೀಗಿರುವಾಗ ವೈದ್ಯ ಬೇರೆ, ರಾಜಕೀಯ ಬೇರೆ ಎಂದು ಹೇಳುವುದು ಹೇಗೆ?

ಈ ಮಾತನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಷೋ ಎಂಬ ವೈದ್ಯರೊಬ್ಬರು. 1848ರಲ್ಲಿ ಮೇಲಣ ಸೈಲೀಸಿಯಾ ಎಂಬ ಬಡ ಸೀಮೆಯಲ್ಲಿ ಟೈಫಸ್ ಜ್ವರ ಹಬ್ಬಿತು. ಸರ್ಕಾರ ಈ ತರುಣ ವೈದ್ಯರನ್ನು ನೋಡಿ ಬರಲು ಕಳುಹಿಸಿತು. ಅವರು ಮೂರು ವಾರ ಅಲ್ಲಿದ್ದು ವರದಿ ಬರೆದರು. ಔಷಧಿಯ ಪಟ್ಟಿ ಬರುತ್ತದೆಂದು ಅಧಿಕಾರಿಗಳು ಕಾದಿದ್ದರು. ಬಂದದ್ದು ಬೇರೆ: ಜನರಿಗೆ ಶಾಲೆ ಬೇಕು, ರಸ್ತೆ ಬೇಕು, ಬೇಸಾಯ ಸುಧಾರಿಸಬೇಕು, ಅವರ ಆಡಳಿತ ಅವರ ಕೈಯಲ್ಲಿರಬೇಕು. ಅಲ್ಲಿಯ ಜನ ಪೋಲಿಷ್ ಆಡುವವರು, ಅಧಿಕಾರಿಗಳದು ಜರ್ಮನ್. ಜನರ ಮಾತೇ ಆಳುವವರಿಗೆ ತಿಳಿಯದಿದ್ದರೆ ರೋಗ ತಿಳಿಯುವುದು ಹೇಗೆ ಎಂದೂ ಅವರು ಎತ್ತಿ ಹೇಳಿದರು. ಸರ್ಕಾರಕ್ಕೆ ಅದು ಹಿಡಿಸಲಿಲ್ಲ. ವಿರ್ಷೋ ಸುಮ್ಮನಾಗಲಿಲ್ಲ. ಮುಂದೆ ಬರ್ಲಿನ್ ನಗರಸಭೆಯ ಸದಸ್ಯರಾದರು, ಶಾಸನಸಭೆಗೂ ಹೋದರು. ಬರ್ಲಿನ್ನಿಗೆ ಒಳಚರಂಡಿ ತರಲು ವರ್ಷಗಟ್ಟಲೆ ದುಡಿದರು. ಸೂಕ್ಷ್ಮದರ್ಶಕದಲ್ಲಿ ಅವರು ಮಾಡಿದ ಕೆಲಸವನ್ನು ಪಂಡಿತರು ಇಂದಿಗೂ ಹೊಗಳುತ್ತಾರೆ. ಬರ್ಲಿನ್ನಿನ ಬಡವರ ಮಕ್ಕಳು ಉಳಿದದ್ದು ಆ ಚರಂಡಿಯಿಂದಲೂ ಹೌದು.

ಈಗ ನಮ್ಮ ಊರಿಗೆ ಬರೋಣ. ಡಾ. ಎ. ಬಿ. ಮಾಲಕರೆಡ್ಡಿಯವರು ವೃತ್ತಿಯಿಂದ ವೈದ್ಯರು. 1989ರಲ್ಲಿ ಯಾದಗಿರಿ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಬಂದರು. 1994ರಲ್ಲಿ ಮತ್ತೆ, 1999ರಲ್ಲಿ ಮತ್ತೆ ಗೆದ್ದರು. ಎಸ್. ಎಂ. ಕೃಷ್ಣ ಅವರ ಮಂತ್ರಿಮಂಡಲದಲ್ಲಿ ವೈದ್ಯಕೀಯ ಶಿಕ್ಷಣ ಮಂತ್ರಿಗಳಾದರು. ಭೀಮಾ ತೀರದ ಒಬ್ಬ ವೈದ್ಯರ ಕೈಗೆ ಇಡೀ ರಾಜ್ಯದ ವೈದ್ಯಕೀಯ ಕಾಲೇಜುಗಳ ಖಾತೆ ಬಂದದ್ದು ನಮ್ಮ ಸೀಮೆಗೆ ಸಣ್ಣ ಮಾತೇನಲ್ಲ.

2004ರಲ್ಲಿ ಅದೇ ಯಾದಗಿರಿಯ ಮತದಾರರು ಅವರನ್ನು ಬಿಟ್ಟು ಡಾ. ವೀರಬಸವಂತರೆಡ್ಡಿ ಮುದ್ನಾಳ ಅವರನ್ನು ಆರಿಸಿದರು. ಅವರ ಹೆಸರಿನ ಮುಂದೆಯೂ ಡಾಕ್ಟರ್ ಎಂದೇ ಇತ್ತು. ಒಬ್ಬ ಡಾಕ್ಟರನ್ನು ಕೆಳಗಿಳಿಸಿ ಇನ್ನೊಬ್ಬ ಡಾಕ್ಟರನ್ನು ಕೂಡಿಸಿದರು ಎಂದರೆ ತಪ್ಪಾಗಲಾರದು. 2008ರಲ್ಲಿ ಮಾಲಕರೆಡ್ಡಿಯವರು ತಿರುಗಿ ಬಂದರು, 2013ರಲ್ಲೂ ಗೆದ್ದರು. 2018ರಲ್ಲಿ ವೆಂಕಟರೆಡ್ಡಿ ಮುದ್ನಾಳ ಅವರ ಎದುರು ಸೋತರು. ಈ ಗೆಲುವು ಸೋಲುಗಳ ಹಿಂದೆ ಪಕ್ಷ, ಮನೆತನ, ಕಾಲದ ಗಾಳಿ ಎಲ್ಲವೂ ಇದ್ದಾವು. ಅದರ ವಿಮರ್ಶೆ ನಮ್ಮ ಕೆಲಸವಲ್ಲ. ನಾನು ತೋರಿಸಬೇಕೆಂದಿರುವುದು ಇಷ್ಟೇ: ಇಲ್ಲಿಯ ಜನ ವೈದ್ಯರೆಂಬ ಒಂದೇ ಕಾರಣಕ್ಕೆ ಯಾರಿಗೂ ಕುರ್ಚಿಯನ್ನು ಶಾಶ್ವತವಾಗಿ ಬರೆದುಕೊಡಲಿಲ್ಲ. ಐದು ವರ್ಷಕ್ಕೊಮ್ಮೆ ಲೆಕ್ಕ ಕೇಳಿದರು. ಅಕ್ಷರದಲ್ಲಿ ಹಿಂದೆ ಇದ್ದರೂ ಲೆಕ್ಕದಲ್ಲಿ ನಾವು ಹಿಂದೆ ಬಿದ್ದಿಲ್ಲ.

ಆದರೆ ಲೆಕ್ಕ ಕೇಳುವವರು ತಾಳ್ಮೆಯನ್ನೂ ಕಲಿಯಬೇಕು. ನಮ್ಮ ಭಾಗದ ವೈದ್ಯಕೀಯ ಕಾಲೇಜುಗಳ ಕಥೆಯನ್ನೇ ನೋಡಿ. ಬಳ್ಳಾರಿಯಲ್ಲಿ ಸರ್ಕಾರದ ಕಾಲೇಜು ಬಂದದ್ದು 1961ರಲ್ಲಿ. ಗುಲಬರ್ಗಾದಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲಿ ಬಂತು, ಅದು ಸರ್ಕಾರದ್ದಲ್ಲ, ವಿದ್ಯಾಸಂಸ್ಥೆಯೊಂದು ನಡೆಸುವಂಥದು. ಅದಾದ ಮೇಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕಳೆದು, 2007ರಲ್ಲಿ ರಾಯಚೂರು ಮತ್ತು ಬೀದರಗಳಿಗೆ ಸರ್ಕಾರದ ಕಾಲೇಜು ಬಂತು. ಕಲಬುರಗಿಗೆ 2013ರಲ್ಲಿ. ಯಾದಗಿರಿಯ ಸರ್ಕಾರಿ ಕಾಲೇಜಿನಲ್ಲಿ ಮೊದಲ ತಂಡದ ವಿದ್ಯಾರ್ಥಿಗಳು ಸೇರಿದ್ದು 2022-23ರ ಸಾಲಿನಲ್ಲಿ, ಸ್ಥಾನಗಳು 150. ನಮ್ಮ ಊರಿನವರು ಆ ಖಾತೆಯ ಮಂತ್ರಿಯಾಗಿದ್ದ ಕಾಲದಿಂದ ನಮ್ಮ ಊರಿಗೆ ಕಾಲೇಜು ಬರುವ ಹೊತ್ತಿಗೆ ಸುಮಾರು ಎರಡು ದಶಕ ಕಳೆದಿದ್ದವು. ಇದರಲ್ಲಿ ಒಬ್ಬರನ್ನು ಹೊಗಳುವುದೂ ಸಲ್ಲದು, ಒಬ್ಬರನ್ನು ಹಳಿಯುವುದೂ ಸಲ್ಲದು. ಒಬ್ಬ ಮಂತ್ರಿಯಿಂದ ಒಂದು ಕಾಲೇಜು ಬರುವುದಿಲ್ಲ. ಬೇಡಿಕೆ, ಸಮಿತಿ, ಹಣ, ಜಾಗ, ಜಿಲ್ಲಾ ಆಸ್ಪತ್ರೆ, ಮಂಜೂರಾತಿ, ಹೀಗೆ ಹತ್ತು ಕೈಗಳನ್ನು ದಾಟಿ ಬರುತ್ತದೆ. ಬೀಜ ಬಿತ್ತುವವನು ಒಬ್ಬ, ರಾಶಿ ಮಾಡುವವನು ಇನ್ನೊಬ್ಬ. ನಡುವೆ ಹೊಲ ಕಾಯುವವರು ನಾವೇ ಆಗಿರಬೇಕು.

ವೈದ್ಯರೊಬ್ಬರು ಅಧಿಕಾರದ ತುದಿಯವರೆಗೆ ಹೋದರೆ ಏನಾಗುತ್ತದೆಂಬುದಕ್ಕೆ ನೆರೆಯ ನಾಡಿನಲ್ಲಿ ಒಂದು ಉದಾಹರಣೆಯಿದೆ. ಅದರ ಬೇರು ಕಲಬುರಗಿಯಲ್ಲೂ ಇದೆ. ಆಂಧ್ರದ ಕಡಪಾ ಜಿಲ್ಲೆಯ ಪುಲಿವೆಂದುಲದ ವೈ. ಎಸ್. ರಾಜಶೇಖರ ರೆಡ್ಡಿಯವರು ಹುಟ್ಟಿದ್ದು 1949ರಲ್ಲಿ. ಎಂ.ಬಿ.ಬಿ.ಎಸ್. ಓದಿದ್ದು ಈಗ ಹೇಳಿದ ಮಹಾದೇವಪ್ಪ ರಾಂಪುರೆ ಕಾಲೇಜಿನಲ್ಲಿ. ಓದು ಮುಗಿಸಿ ಊರ ಕಡೆಗೆ ಹೋದರು. ಜಮ್ಮಲಮಡುಗಿನ ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. 1973ರಲ್ಲಿ ತಂದೆಯ ಹೆಸರಿನಲ್ಲಿ ಪುಲಿವೆಂದುಲದಲ್ಲಿ 70 ಹಾಸಿಗೆಯ ಧರ್ಮಾಸ್ಪತ್ರೆ ತೆರೆದರು. 1978ರಲ್ಲಿ ಶಾಸನಸಭೆಗೆ ಆರಿಸಿ ಬಂದರು. 2003ರ ಬೇಸಿಗೆಯಲ್ಲಿ ಆಂಧ್ರದ ಉದ್ದಕ್ಕೂ ಸುಮಾರು 1,500 ಕಿಲೋಮೀಟರು ಕಾಲ್ನಡಿಗೆಯಲ್ಲಿ ಸುತ್ತಿದರು. 2004ರಲ್ಲಿ ಮುಖ್ಯಮಂತ್ರಿಯಾದರು. 2009ರಲ್ಲಿ ಮತ್ತೆ ಗೆದ್ದು, ಅದೇ ವರ್ಷ ಸೆಪ್ಟೆಂಬರ್ 2ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು.

ಅವರ ಆಡಳಿತದಲ್ಲಿ ಎರಡು ಕೆಲಸಗಳಾದವು. 2005ರಲ್ಲಿ ಆಂಧ್ರದಲ್ಲಿ 108 ಆಂಬುಲೆನ್ಸ್ ಸೇವೆ ಸುರುವಾಯಿತು. 2007ರಲ್ಲಿ ಆರೋಗ್ಯಶ್ರೀ ಬಂತು. ಬಡವರಿಗೆ ಹೃದಯದ ಶಸ್ತ್ರಕ್ರಿಯೆ, ಕ್ಯಾನ್ಸರ್ ಚಿಕಿತ್ಸೆ ಮುಂತಾದ ದೊಡ್ಡ ಖರ್ಚಿನ ಕೆಲಸಗಳನ್ನು ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಸರ್ಕಾರವೇ ಹಣ ಕೊಟ್ಟು ಮಾಡಿಸುವ ಯೋಜನೆಯದು. ಅದರ ಗಾಳಿ ನಮ್ಮ ಕಡೆಗೂ ಬೀಸಿತು. ಕರ್ನಾಟಕದಲ್ಲಿ 108 ಸೇವೆ ಬಂದದ್ದು 2008ರಲ್ಲಿ. ವಾಜಪೇಯಿ ಆರೋಗ್ಯಶ್ರೀ ಎಂಬ ಹೆಸರಿನಲ್ಲಿ ಅಂತಹದೇ ಯೋಜನೆ 2010ರಲ್ಲಿ ಮೊಟ್ಟಮೊದಲು ಸುರುವಾದದ್ದು ನಮ್ಮದೇ ಗುಲಬರ್ಗಾ ವಿಭಾಗದಲ್ಲಿ. ಹೊಲ ಮಾರದೆ ಎದೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡ ಬಡವರು ಇಂತಹ ಯೋಜನೆಗಳಿಂದಲೇ ಉಳಿದರು. ಹತ್ತಿರ ಆಸ್ಪತ್ರೆಯಿಲ್ಲದೆ ಮನುಷ್ಯ ಸಾಯುವುದನ್ನು ಕಣ್ಣಾರೆ ಕಂಡ ವೈದ್ಯನಿಗೆ ಆಂಬುಲೆನ್ಸಿನ ಬೆಲೆ ಗೊತ್ತಿರುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ದೊಡ್ಡ ಶಸ್ತ್ರಕ್ರಿಯೆಗೆ ಸರ್ಕಾರದ ಹಣ ಹೊಳೆಯಂತೆ ಹರಿಯಿತು, ಅದರಲ್ಲಿ ಬಹುಪಾಲು ಖಾಸಗಿ ಆಸ್ಪತ್ರೆಗಳಿಗೆ ಸೇರಿತು, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಷ್ಟು ಬರಲಿಲ್ಲ ಎಂದು ಆರೋಗ್ಯಶಾಸ್ತ್ರ ಬಲ್ಲವರು ಟೀಕೆ ಮಾಡಿದರು. ಈ ಟೀಕೆಯಲ್ಲಿ ಹುರುಳಿದೆ. ಹೃದಯದ ಶಸ್ತ್ರಕ್ರಿಯೆ ಬೇಕಾಗುವವರು ಊರಿಗೆ ಒಬ್ಬರೋ ಇಬ್ಬರೋ. ಜ್ವರ, ಭೇದಿ, ಹೆರಿಗೆ, ಕ್ಷಯ, ರಕ್ತಹೀನತೆ ಮನೆಮನೆಯಲ್ಲಿವೆ. ಒಬ್ಬ ವೈದ್ಯ ಮುಖ್ಯಮಂತ್ರಿಯಾದರೂ ಊರಿನ ಉಪಕೇಂದ್ರದ ಬಾಗಿಲು ತಾನಾಗಿ ತೆರೆಯುವುದಿಲ್ಲ. ಅದನ್ನು ತೆರೆಸುವವರು ಊರಿನಲ್ಲೇ ಇರಬೇಕು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ವೈದ್ಯನು ಮತ ಕೇಳಲು ಬಂದಾಗ ನಮಗೊಂದು ಕಟ್ಟು ಬೀಳುತ್ತದೆ. ನಡುರಾತ್ರಿಯಲ್ಲಿ ಎದ್ದು ಬಂದು ನಮ್ಮ ಮಗನ ಜೀವ ಉಳಿಸಿದವರು, ಕೊಟ್ಟಷ್ಟು ತೆಗೆದುಕೊಂಡವರು, ಅವರಿಗೆ ಇಲ್ಲವೆನ್ನುವುದು ಹೇಗೆ? ನಮ್ಮ ಜನ ಋಣವನ್ನು ಮರೆಯುವವರಲ್ಲ. ಅದು ದೊಡ್ಡ ಗುಣ. ಆದರೆ ಋಣ ಬೇರೆ, ಮತ ಬೇರೆ. ಋಣ ನನ್ನ ಮನೆಯದು. ಅದನ್ನು ಗೌರವದಿಂದ, ಪ್ರೀತಿಯಿಂದ, ಕಷ್ಟಕ್ಕೆ ನಿಂತು ತೀರಿಸಬಹುದು. ಮತ ನನ್ನ ಮನೆಯದಷ್ಟೇ ಅಲ್ಲ. ಅದರಲ್ಲಿ ಪಕ್ಕದ ಓಣಿಯ ಕೂಸಿನ ಪಾಲಿದೆ, ತಾಂಡಾದ ಬಸುರಿಯ ಪಾಲಿದೆ. ನನ್ನ ಸಾಲಕ್ಕೆ ನೆರೆಯವನ ಎತ್ತನ್ನು ಕೊಟ್ಟು ತೀರಿಸಲು ಬರುತ್ತದೆಯೇ? ಒಳ್ಳೆಯ ವೈದ್ಯನು ಒಳ್ಳೆಯ ಶಾಸಕನಾಗಬಹುದು, ಆಗದೆಯೂ ಇರಬಹುದು. ನಾಡಿ ಹಿಡಿಯುವುದು ಒಂದು ವಿದ್ಯೆ, ಆಯವ್ಯಯ ಪತ್ರಿಕೆ ಓದಿ ಪ್ರಶ್ನೆ ಎತ್ತುವುದು ಇನ್ನೊಂದು ವಿದ್ಯೆ.

ಇನ್ನೊಂದು ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ವೈದ್ಯರು ಬೆಂಗಳೂರಿಗೆ ಹೋದರೆ ಊರಿನ ದವಾಖಾನೆಯ ಕುರ್ಚಿ ಖಾಲಿಯಾಗುತ್ತದೆ. ಪಟ್ಟಣದಲ್ಲಾದರೆ ಇನ್ನೊಬ್ಬರು ಬರುತ್ತಾರೆ. ನಮ್ಮಂತಹ ಸೀಮೆಯಲ್ಲಿ ಬರುವುದು ತಡ, ನಿಲ್ಲುವುದು ಕಷ್ಟ. ಆದುದರಿಂದ ಶಾಸನಸಭೆಗೆ ಹೋದ ವೈದ್ಯನು ತಾನು ಬಿಟ್ಟ ಕುರ್ಚಿಗೆ ಬದಲಾಗಿ ಹತ್ತು ಕುರ್ಚಿ ತುಂಬಿಸಿದರೆ ಮಾತ್ರ ಈ ವ್ಯಾಪಾರದಲ್ಲಿ ಊರಿಗೆ ಲಾಭ. ಇದು ಕಟುವಾದ ಲೆಕ್ಕವೆನಿಸಬಹುದು, ಆದರೆ ನ್ಯಾಯವಾದ ಲೆಕ್ಕ.

ಹಾಗಾದರೆ ಶಾಸಕರನ್ನು, ಅವರು ವೈದ್ಯರಿರಲಿ ವಕೀಲರಿರಲಿ ರೈತರಿರಲಿ, ನಾವು ಏನು ಕೇಳಬೇಕು? ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಬರೆದುಕೊಳ್ಳಬಲ್ಲವರು ಬರೆದುಕೊಳ್ಳಿ, ಉಳಿದವರು ನೆನಪಿನಲ್ಲಿಡಿ.

ಒಂದು: ಸರ್ಕಾರದ ನಿಯಮದಂತೆ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ನಿಮ್ಮ ಹೋಬಳಿಯಲ್ಲಿ ಎಷ್ಟಿವೆ, ಅವುಗಳಲ್ಲಿ ಎಷ್ಟು ಹುದ್ದೆ ತುಂಬಿವೆ, ಎಷ್ಟು ಖಾಲಿ ಇವೆ ಎಂಬುದನ್ನು ಬರೆದಿಡಿ. ಕಟ್ಟಡ ಎಣಿಸಬೇಡಿ, ಒಳಗಿರುವ ಮನುಷ್ಯರನ್ನು ಎಣಿಸಿ.

ಎರಡು: ತಾಲೂಕಿನ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲೂ ಅವರದೇ ಅಧ್ಯಕ್ಷತೆ. ಎಲ್ಲ ಅಧಿಕಾರಿಗಳೂ ಅಲ್ಲಿ ಎದುರಿಗೆ ಕೂತಿರುತ್ತಾರೆ. ನಿಮ್ಮ ಪಟ್ಟಿ ಆ ಸಭೆಗೆ ಮೊದಲೇ ಅವರ ಕೈ ಸೇರಲಿ. ಸಭೆಯಾದ ಮೇಲೆ ಏನು ಉತ್ತರ ಬಂತೆಂದು ಕೇಳಿ.

ಮೂರು: ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ನಮ್ಮ ಸೀಮೆಯ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಇರುವುದುಂಟು. ನೋಟಕ್ಕೆ ನೀರು ತಿಳಿಯಾಗಿಯೇ ಇರುತ್ತದೆ, ಹಲ್ಲು ಮತ್ತು ಎಲುಬು ಕೆಟ್ಟ ಮೇಲೆ ಗೊತ್ತಾಗುತ್ತದೆ. ಪರೀಕ್ಷೆಯ ಫಲವನ್ನು ಪಂಚಾಯತಿಯ ಗೋಡೆಗೆ ಅಂಟಿಸಿ. ಕೊಳಾಯಿ ಬಂದಿದೆಯೆಂದು ಸುಮ್ಮನಿರಬೇಡಿ. ಚರಂಡಿಯಲ್ಲಿ ಒಡೆದ ಕೊಳಾಯಿ ಬಾವಿಗಿಂತ ಕೆಟ್ಟದ್ದು.

ನಾಲ್ಕು: ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ಕೈಬಿಡಿ ಹಣ ಬರುವುದಿದೆ. ಅದು ಬಂತೇ, ಯಾವುದಕ್ಕೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಓದಿ ಹೇಳಿ. ತನ್ನ 10,000ದ ಲೆಕ್ಕ ಕೊಡದ ಊರು ಶಾಸಕರ ಕೋಟಿಯ ಲೆಕ್ಕ ಕೇಳಲು ನಾಚಬೇಕಾಗುತ್ತದೆ.

ಐದು: ಗುಳೆ ಹೋಗುವ ಮುಂಚೆ ಬಸುರಿಯರ ಮತ್ತು ಸಣ್ಣ ಮಕ್ಕಳ ಹೆಸರನ್ನು ಆಶಾ ತಾಯಿಯ ಹತ್ತಿರ ಬರೆಸಿ. ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಂಡೇ ಹೋಗಲಿ. ಹೋದ ಊರಿನಲ್ಲೂ ಸೂಜಿ ಹಾಕಿಸುವ ಹಕ್ಕು ಅವರಿಗಿದೆ.

ತರುಣರಿಗೆ ಒಂದು ಮಾತು. ಸಂವಿಧಾನದ 371(ಜೆ) ವಿಧಿಯನ್ನು 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿತು. ಅದರ ಪ್ರಕಾರ ನಮ್ಮ ಭಾಗದ ವೃತ್ತಿ ಕಾಲೇಜುಗಳಲ್ಲಿ ನೂರಕ್ಕೆ 70 ಸ್ಥಾನ ನಮ್ಮ ಭಾಗದ ಮಕ್ಕಳಿಗೆ ಮೀಸಲು, ಉಳಿದ ರಾಜ್ಯದ ಕಾಲೇಜುಗಳಲ್ಲಿ ನೂರಕ್ಕೆ 8. ಹಿಂದೆ ಗುಲಬರ್ಗಾಕ್ಕೋ ಹೈದರಾಬಾದಿಗೋ ಹೋಗಿ ಓದಬೇಕಾಗಿದ್ದ ವಿದ್ಯೆ ಈಗ ಯಾದಗಿರಿಯಲ್ಲೇ ಇದೆ. ಶಹಾಪುರದ ರೈತನ ಮಗಳು, ಸುರಪುರದ ಕೂಲಿಯ ಮಗ ವೈದ್ಯರಾಗುವುದು ಇನ್ನು ಕನಸಲ್ಲ. ಆದರೆ ಈ ಹಕ್ಕು ಬಂದದ್ದು ಊರಿಗಾಗಿ. ಹಕ್ಕನ್ನು ತೆಗೆದುಕೊಂಡು ಊರನ್ನು ಮರೆತರೆ ಬೀಜದ ಜೋಳವನ್ನು ಕುಟ್ಟಿ ಉಂಡಂತೆ. ಕೆಲವು ವರ್ಷವಾದರೂ ನಮ್ಮ ಹಳ್ಳಿಗಳಲ್ಲಿ ಕೂತು ಕೆಲಸ ಮಾಡಿ. ಜನರ ಬೇನೆಯನ್ನು ಅವರ ಮಾತಿನಲ್ಲೇ ಕೇಳಿ. ಆಮೇಲೆ ನಿಮಗೆ ಶಾಸನಸಭೆಗೆ ಹೋಗಬೇಕೆನಿಸಿದರೆ ಹೋಗಿ. ಹೀಗೆ ಹೋದವನಿಗೆ ಅಲ್ಲಿ ಏನು ಕೇಳಬೇಕೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ವೈದ್ಯರು ರಾಜಕೀಯಕ್ಕೆ ಹೋಗುವುದು ಸರಿಯೇ ಎಂದು ಕೇಳಿದಿರಿ. ಹೋಗಲಿ, ಹೋಗಬೇಕು. ಆದರೆ ಅವರ ಹಿಂದೆ ಪಟ್ಟಿ ಹಿಡಿದ ಊರೊಂದು ನಿಂತಿರಬೇಕು. ನಾರುಹುಣ್ಣು ಹೋದದ್ದು ಹಾಗೆಯೇ: ಸರ್ಕಾರ ಬಾವಿ ಕಟ್ಟಿಸಿತು, ವೈದ್ಯರು ದಾರಿ ತೋರಿಸಿದರು, ಗಡಿಗೆಗೆ ಬಟ್ಟೆ ಕಟ್ಟಿದವರು ನಮ್ಮ ತಾಯಂದಿರು. ಮೂವರಲ್ಲಿ ಒಬ್ಬರು ಕೈಬಿಟ್ಟಿದ್ದರೂ ಆ ಹುಳು ಇಂದಿಗೂ ನಮ್ಮ ಕಾಲಿನಲ್ಲಿರುತ್ತಿತ್ತು.

ಈ ತಿಂಗಳ ಗ್ರಾಮಸಭೆಗೆ ಪ್ರತಿಯೊಂದು ಊರಿನವರೂ ಒಂದು ಹಾಳೆಯನ್ನು ಬರೆದು ತನ್ನಿ. ಅದರಲ್ಲಿ ಮೂರೇ ಸಾಲು ಸಾಕು: ನಮ್ಮ ಊರ ನೀರು ಹೇಗಿದೆ, ನಮ್ಮ ಉಪಕೇಂದ್ರದಲ್ಲಿ ಯಾರಿದ್ದಾರೆ, ಹಿಂದಿನ ವರ್ಷ ನಮ್ಮಲ್ಲಿ ಎಷ್ಟು ಕೂಸುಗಳು ತೀರಿಹೋದವು. ಆ ಹಾಳೆಯನ್ನು ಕೈಯಲ್ಲಿ ಹಿಡಿದು ಕೇಳಿದರೆ ಯಾವ ಶಾಸಕರೂ ಕೇಳದೆ ಇರಲಾರರು.